ಅರಿಶಿನ ದಾರದ ಶೀಸೆ

ಗುರುಗುಂಟಾ
ಶುಕ್ರವಾರ, ೭ ಫೆಬ್ರವರಿ ೨೦೨೫

ಪ್ರೀತಿಯ ತಮ್ಮಾ ಹನುಮಂತು,

ನಿನ್ನ ಅಕ್ಕ ಆದೆಮ್ಮನ ಆಶೀರ್ವಾದ. ಕಾಲು ಹೇಗಿದೆ? ಮಸ್ಕಿ ದಾಟುವಾಗ ಚುಚ್ಚಿದ ಜಾಲಿ ಮುಳ್ಳು ಒಳಗೇ ಮುರಿದು ಪಾದ ಬಾತಿದೆ ಎಂದು, ಊರಿಗೂ ನಿಮ್ಮ ಕುರಿಹಟ್ಟಿಗೂ ಬೈಕಿನಲ್ಲಿ ಓಡಾಡುವ ಗಿಡ್ಡಪ್ಪ ಹೇಳಿದಾಗಿನಿಂದ ನನಗೆ ಕುಂತಲ್ಲಿ ಕೂರಲಾಗುತ್ತಿಲ್ಲ. ನಿನ್ನ ಫೋನು ಕಾಲುವೆ ಪಾಲಾಯಿತು, ಜೊತೆಗಾರ ಮಾಳಿಂಗಪ್ಪನದು ಯಾವಾಗ ಹಚ್ಚಿದರೂ ಬಂದ್. ಅದಕ್ಕೇ ಇವತ್ತು ಮತ್ತೆ ಅಲ್ಲಿಗೆ ಹೊರಟ ಗಿಡ್ಡಪ್ಪನ ಕೈಲಿ ಈ ಕಾಗದ. ಗೊರೇಬಾಳದ ಗದ್ದೆಯಲ್ಲಿ ಕುರಿಗಳ ಹೊಟ್ಟೆ ತುಂಬುತ್ತಿರಬಹುದು, ನಿನ್ನ ಹೊಟ್ಟೆಯದೇ ನನಗೆ ಚಿಂತೆ.

ಮೊನ್ನೆ ಗಿಡ್ಡಪ್ಪನ ಕೈಲಿ ಕಳಿಸಿದ ರೊಟ್ಟಿ ಗಂಟಿನಲ್ಲಿ ಅರಿಶಿನ ದಾರ ಸುತ್ತಿದ ಸಣ್ಣ ಶೀಸೆ ಸಿಕ್ಕಿತಲ್ಲವೇ? ಅದು ನನ್ನ ಕುಂಡದ ಗಿಡದ ಸೊನೆ. ಲಿಂಗಸುಗೂರಿನಿಂದ ಗಿಡ ಮಾರಲು ಬರುವ ದಸ್ತಗೀರ್‌ಸಾಬ್ ಕೊಟ್ಟಿದ್ದು, ಬುಡ ಸಣ್ಣ ಕುಂಬಳಕಾಯಿಯಂತೆ ಉಬ್ಬಿದೆಯಲ್ಲ, ಅದೇ. "ಅಕ್ಕಾ, ಈ ಬೊಜ್ಜಿನ ಗಿಡಾನ ಯಾಕ ಸಾಕಾಕತ್ತೀ, ಹಾಲು ಕರೀತದೇನು?" ಎಂದು ನೀನು ನಗುತ್ತಿದ್ದೆ. "ಅಕ್ಕಾರ, ಇದು ಮರಳುಗಾಡಿನ ಗುಲಾಬಿರೀ. ತುಳಸಿಗೆ ಸುರದಂಗ ದಿನಾ ನೀರು ಸುರದ್ರ ಬುಡ ಕೊಳೀತೈತಿ," ಎಂದು ಅವನು ಹೇಳಿದಂತೆ ಮರಳು ಬೆರೆಸಿ, ಬಿಸಿಲಿಗಿಟ್ಟು, ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ ಬೆಳೆಸಿದೆ. ಹೂವು ಬರಲೆಂದು ಮೊನ್ನೆ ಟೊಂಗೆ ಕತ್ತರಿಸಿದಾಗ ಸೊನೆ ಒಸರಿತು. ಎಕ್ಕಿ ಹಾಲಿನಷ್ಟು ಬೆಳ್ಳಗಿಲ್ಲ, ಆದರೂ ಸೊನೆಯೇ. ಎಕ್ಕಿ ಹಾಲು ಹಚ್ಚಿ ಅವ್ವ ನಮ್ಮ ಕಾಲಿನ ಮುಳ್ಳು ಹೊರಗೆಳೆಯುತ್ತಿದ್ದುದು ನೆನಪಾಗಿ ಹನಿ ಹನಿಯಾಗಿ ಕೂಡಿಸಿದೆ. ದುರ್ಗಮ್ಮನ ಮುಂದಿಟ್ಟು ದಾರ ಸುತ್ತಿದೆ. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ತಾಯಿಯ ಹೆಸರು ಹೇಳಿಯೇ ಬಿಚ್ಚಿ ಪಾದಕ್ಕೆ ಹಚ್ಚಬೇಕೆಂದು ಗಿಡ್ಡಪ್ಪನಿಗೆ ಹೇಳಿದ್ದೆ. ಇವತ್ತೇ ಆ ಶುಕ್ರವಾರ, ಮರೆಯಬೇಡ.

ಇಲ್ಲಿ ಮಾತ್ರ ಮನಸ್ಸು ನೆಟ್ಟಗಿಲ್ಲ. ನೀನು ಬಿಟ್ಟುಹೋದ ಕರಿ ಆಡಿನ ಮರಿ ಬೆಳಗಿನಿಂದ ಏಳುತ್ತಿಲ್ಲ. ಬಾಯಿಂದ ಜೊಲ್ಲು, ಕಾಲು ಸೆಟೆದಿವೆ. ನಿನ್ನೆ ಸಂಜೆ ಅಂಗಳದಲ್ಲಿ ಕುಣಿದು, ಕತ್ತರಿಸಿ ಹಾಕಿದ್ದ ಟೊಂಗೆಗಳನ್ನು ಮೇಯ್ದು, ನನ್ನ ಸೆರಗನ್ನೂ ಜಗ್ಗಿದ ಮರಿ. ಯಾರ ಕಣ್ಣು ಬಿತ್ತೋ. ಹೋದ ಹುಣ್ಣಿಮೆಗೆ ದುರ್ಗಮ್ಮನಿಗೆ ಹೇಳಿಕೊಂಡಿದ್ದ ಉಡಿ ತುಂಬುವುದು ತಪ್ಪಿತು, ಅದಕ್ಕೇ ತಾಯಿ ಮುನಿದಳೋ ಏನೋ. ಭಂಡಾರ ಹಚ್ಚಿದೆ, ನಿವಾಳಿಸಿದೆ. ಕಣ್ಣು ತೆರೆಯಲಿಲ್ಲ. ಅಲ್ಲಿ ನೀನು, ಇಲ್ಲಿ ಇದು, ಒಂದೇ ವಾರದಲ್ಲಿ ಎರಡೂ ಯಾಕೆ ಬಂದವು?

ಹೊತ್ತಿಗೆ ಉಣ್ಣು, ಒದ್ದೆ ಗದ್ದೆಯಲ್ಲಿ ಬರಿಗಾಲಲ್ಲಿ ತಿರುಗಬೇಡ. ಮಾಳಿಂಗಪ್ಪನಿಗೂ ನನ್ನ ಆಶೀರ್ವಾದ ತಿಳಿಸು. ದುರ್ಗಮ್ಮ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಆದೆಮ್ಮ

ತಾ.ಕ. ಹನುಮಂತೂ, ಹಚ್ಚಬೇಡ! ಶೀಸೆ ಮುಟ್ಟಬೇಡ! ಮರಿ ಈಗ ಸತ್ತಿತು. ಗಿಡ ಮಾರುತ್ತಾ ಬಂದ ದಸ್ತಗೀರ್‌ಸಾಬ್ ಅದರ ಬಾಯಲ್ಲಿದ್ದ ಎಲೆ ನೋಡಿ ತಲೆಗೆ ಕೈ ಹಚ್ಚಿದ. "ಅದರ ಸೊನಿ ವಿಷ ಐತ್ರೀ ಅಕ್ಕಾರ, ಕತ್ತರಿಸಿದ ಮ್ಯಾಲೆ ಕೈ ತೊಳಕೊರ್ರಿ ಅಂತ ಹೇಳಿದ್ನಲ್ರೀ!" ಹೌದು, ಅವನು ಹೇಳಿದ್ದ. ಪೂಜೆಗೆ ಮೊದಲು ಹೇಗೂ ಕೈ ತೊಳೆಯುತ್ತೇನಲ್ಲ ಎಂದು ನಾನೇ ನಕ್ಕಿದ್ದೆ. ಬಾತ ಕಾಲಿಗೆ ಅದು ಹತ್ತಿದರೆ ರಕ್ತಕ್ಕೆ ಇಳಿದೀತಂತೆ. ಹಚ್ಚಿಕೊಂಡಿದ್ದರೆ ಸೋಪಿನಿಂದ ತೊಳೆದು, ಗಿಡ್ಡಪ್ಪನ ಬೈಕು ಹತ್ತಿ ಈಗಿಂದೀಗಲೇ ಸಿಂಧನೂರಿನ ದವಾಖಾನೆಗೆ ಹೋಗು. ಹಚ್ಚಿಲ್ಲದಿದ್ದರೂ ಮುಳ್ಳು ತೆಗೆಸಲು ಹೋಗು. ಗಿಡ್ಡಪ್ಪ ಬೈಕು ಚಾಲೂ ಮಾಡಿ ನಿಂತಿದ್ದಾನೆ. ಚಹಾಕ್ಕೂ ಇಳಿಯಬೇಡವೆಂದು ಆಣೆ ಹಾಕಿಸಿದ್ದೇನೆ. ಶೀಸೆಯನ್ನು ಅವನ ಕೈಲೇ ವಾಪಸು ಕಳಿಸು. ಬಿಚ್ಚದ ದಾರವನ್ನು ಕಣ್ಣಾರೆ ನೋಡುವ ತನಕ ನಾನು ದೇವರ ಮುಂದೆ ದೀಪ ಹಚ್ಚುವುದಿಲ್ಲ.