ಕುರ್ಚಿಗೆ ಸಿಕ್ಕ ಹಾಜರಿ

ಪಸಾಯಿಕ್, ನ್ಯೂಜೆರ್ಸಿ
ಜೂನ್ 1987

ಮಾನ್ಯ ಕುಲಸಚಿವರೇ,

ಸಂಖ್ಯಾಶಾಸ್ತ್ರದಲ್ಲಿ ನನಗೆ ಬಂದ 'ಎ' ದರ್ಜೆಯನ್ನು ನೀವು ರದ್ದು ಮಾಡಿದ್ದೀರಿ. ನಿಯಮದ ಪ್ರಕಾರ ನಲವತ್ತೈದು ಗಂಟೆ ನಾನು ಕಾಲೇಜಿನ ಕುರ್ಚಿಯಲ್ಲಿ ಕೂತಿರಲಿಲ್ಲವಂತೆ. ಪಾಠ ನಡೆದದ್ದೇ ಕಂಪ್ಯೂಟರಿನಲ್ಲಿ, ಟೆಲಿಫೋನ್ ತಂತಿಯ ಮೂಲಕ, ನಿಮ್ಮದೇ ಕಾಲೇಜು ಈ ವರ್ಷ ಹೆಮ್ಮೆಯಿಂದ ಶುರುಮಾಡಿದ ಪ್ರಯೋಗದಲ್ಲಿ. ಕುರ್ಚಿಯೇ ಇಲ್ಲದ ತರಗತಿಗೆ ಸೇರಿಸಿಕೊಂಡು, ಕುರ್ಚಿಯಲ್ಲಿ ಏಕೆ ಕೂರಲಿಲ್ಲ ಎಂದು ಕೇಳಲು ನಿಜಕ್ಕೂ ಉನ್ನತ ಶಿಕ್ಷಣವೇ ಬೇಕು.

ನಾನು ಹುಟ್ಟು ಕಿವುಡಿ. ಈ ಪ್ರಯೋಗಕ್ಕೂ ಮುಂಚೆ ಎರಡು ವರ್ಷ ನಿಮ್ಮ ಕೊಠಡಿಗಳ ಮುಂದಿನ ಸಾಲಿನಲ್ಲೇ ಕೂತೆ. ಪ್ರಾಧ್ಯಾಪಕರು ಬೋರ್ಡಿನ ಕಡೆ ತಿರುಗಿದರೆ ಅವರ ತುಟಿ ಕಾಣದು, ನನ್ನ ಪಾಠ ಅಲ್ಲಿಗೆ ಮುಗಿಯಿತು. ಎಲ್ಲರೂ ನಕ್ಕಾಗ ಏಕೆಂದು ತಿಳಿಯದೆ ನಾನೂ ಹಲ್ಲು ಕಿರಿಯುತ್ತಿದ್ದೆ. ಆ ಎರಡು ವರ್ಷಕ್ಕೂ ನಿಮ್ಮ ಪುಸ್ತಕದಲ್ಲಿ ನನಗೆ ಪೂರ್ತಿ ಹಾಜರಿ!

ಈ ಜನವರಿಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತೆ. ಅಲ್ಲಿ ಎಲ್ಲರೂ ಮಾತಾಡುವುದು ಬೆರಳಿನಲ್ಲಿ, ಕೀಲಿ ಒತ್ತಿ ಬರೆದು. ನಾನು ಕಿವುಡಿ ಎಂದು ಸಹಪಾಠಿಗಳಿಗೆ ಹೇಳಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದೆ, ವಾದಕ್ಕಿಳಿದೆ. ಮೂರನೇ ವಾರ ವರ್ಡೆಲ್ ಎಂಬ ಬಸ್ ಡ್ರೈವರ್ ಬರೆದ: "ಅಮ್ಮಾ ತಾಯಿ, ನಮಗೂ ಸ್ವಲ್ಪ ಮಾತಾಡೋಕೆ ಬಿಡ್ತೀಯಾ? ಎಂಥಾ ಬಾಯಿಬಡುಕಿ ನೀನು!" ಪ್ರಾಧ್ಯಾಪಕರು ಕೆಳಗೆ "(ನಗು)" ಎಂದು ಸೇರಿಸಿದರು. ಅಲ್ಲಿ ನಗುವುದನ್ನೂ ಬರೆದೇ ತಿಳಿಸಬೇಕು. ಮೂವತ್ತೊಂದು ವರ್ಷದ ಬಾಳಿನಲ್ಲಿ ಮೊದಲ ಸಲ ಒಂದು ತರಗತಿಯ ಜೊತೆಗೇ, ಏಕೆಂದು ಗೊತ್ತಿದ್ದು ನಕ್ಕೆ. ನಕ್ಕು ಅತ್ತೆ.

ನಾನು ಬರೆದದ್ದನ್ನೆಲ್ಲ ಅಚ್ಚು ಹಾಕಿಸಿ, ಇನ್ನೂರ ಹನ್ನೆರಡು ಹಾಳೆ ಹೊತ್ತು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು, "ಇದೆಲ್ಲ ಬರೀ ಮಾತು ಮೇಡಂ. ಕೂತಿದ್ದಕ್ಕೆ ಪುರಾವೆ ಏನಿದೆ?" ಎಂದರು. ಅದನ್ನೂ ಬೀರುವಿನ ಕಡೆ ತಿರುಗಿಕೊಂಡೇ ಅಂದದ್ದರಿಂದ ಏನೆಂದರೆಂದು ನಾನು ಎರಡು ಸಲ ಕೇಳಬೇಕಾಯಿತು.

ಪದವಿಗೆ ನನಗೆ ಬೇಕಿರುವುದು ಇದೊಂದೇ ವಿಷಯ. ಪದವಿ ಸಿಕ್ಕರೆ ಸೆಪ್ಟೆಂಬರಿನಿಂದ ಕಿವುಡ ಮಕ್ಕಳ ಶಾಲೆಯಲ್ಲಿ ನಾನು ಗಣಿತದ ಟೀಚರು. ಸಿಗದಿದ್ದರೆ ಆ ಕೆಲಸ ಬೇರೆಯವರ ಪಾಲು.

ಆದ್ದರಿಂದ ನನ್ನ ದರ್ಜೆ ವಾಪಸು ಕೊಡಿ. ಇಲ್ಲ, ಕೂತ ಗಂಟೆಯೇ ಮುಖ್ಯ ಎನ್ನುವುದಾದರೆ ಪದವಿಯನ್ನು ಆ ಕುರ್ಚಿಗೇ ಕೊಟ್ಟುಬಿಡಿ, ಅದು ನನಗಿಂತ ಹೆಚ್ಚು ಹೊತ್ತು ಅಲ್ಲಿದೆ. ಏನೇ ತೀರ್ಮಾನಿಸಿದರೂ ದಯವಿಟ್ಟು ಬರೆದು ತಿಳಿಸಿ. ಹೋದ ಸಲದ ಹಾಗೆ ಫೋನ್ ಮಾಡಬೇಡಿ.

ಇಂತಿ,
ನಿಮ್ಮ ಲೆಕ್ಕಕ್ಕೆ ಗೈರುಹಾಜರಾದ ಬಾಯಿಬಡುಕಿ,
ಲೋರೆಟಾ ಕೊವಾಲ್ಚಿಕ್