ಒಂದೇ ತೊಗಲಿನ ಕರಡಿ

ಬಳ್ಳಾರಿ,
ಮನ್ಮಥ ಸಂವತ್ಸರ, ಮಾಘ ಬಹುಳ ಪಂಚಮಿ, ೧೮೯೬

ಚಿರಂಜೀವಿ ಸೌಭಾಗ್ಯವತಿ ಸರಸ್ವತಿಬಾಯಿಗೆ ತಾಯಿಯ ಆಶೀರ್ವಾದಗಳು.

ಆರು ವರ್ಷಗಳ ಮೇಲೆ ಸಿರುಗುಪ್ಪಕ್ಕೆ ಕಾಗದ ಬರೆಯುತ್ತಿದ್ದೇನೆ. ನಿನ್ನ ಕ್ಷೇಮ ಕೇಳುವ ಅಧಿಕಾರ ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಆದ್ದರಿಂದ ಒಂದು ಕಥೆಯ ವಿಷಯವನ್ನಷ್ಟೇ ತಿಳಿಸುತ್ತೇನೆ.

ನಾನು ಕಲಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯವರು ಬಹುಮಾನದ ದಿನಕ್ಕೆ ತೊಗಲುಗೊಂಬೆಯಾಟ ಬೇಕೆಂದರು. ಪ್ರಾಣಿಗಳ ಕಥೆಯನ್ನು ನೀವೇ ಬರೆಯಿರಿ ಎಂದರು. ಮೊದಲ ಪ್ರತಿಯಲ್ಲಿ, ಮಾತು ಮೀರಿದ ಮರಿಯನ್ನು ತಾಯಿಕರಡಿ ಗವಿಯಿಂದ ಹೊರಗಟ್ಟುತ್ತದೆ. ಮರಿ ಹುಲಿಯ ಪಾಲಾಗುತ್ತದೆ. ಹುಡುಗಿಯರು ಹೆದರುವರೆಂದು ಅದು ಹಿಂದಿರುಗಿ ಬಂತು. ಎರಡನೆಯದರಲ್ಲಿ ಹುಲಿಯನ್ನು ತೆಗೆದೆ; ಮರಿ ಅಳುತ್ತ ಬಂದು ತಾಯಿಯ ಕಾಲಿಗೆ ಬೀಳುತ್ತದೆ. ಅದು ನನಗೆ ಬಹಳ ಹಿಡಿಸಿತ್ತು.

ಕುರುಗೋಡಿನ ಗೊಂಬೆಯಾಟದ ಹುಲುಗಪ್ಪ ಕೆತ್ತಿ ತಂದ ಕರಡಿಯನ್ನು ನೋಡಿ ಕೋಪ ಬಂತು. ಮರಿ ತಾಯಿಯ ಬೆನ್ನ ಮೇಲೆ ಕುಳಿತಿತ್ತು; ಎರಡೂ ಸೇರಿ ಒಂದೇ ತೊಗಲು. ಕತ್ತರಿಸಿ ಬೇರೆ ಮಾಡೆಂದೆ. ಅವನು ಒಪ್ಪಲಿಲ್ಲ.

“ಅಡವ್ಯಾಗ ನೋಡೀನ್ರಿ ಅಮ್ಮಾರ, ಕರಡಿ ಮರೀನ ಬೆನ್ನ ಮ್ಯಾಲ ಹೊತ್ಕೊಂಡ ತಿರಗತೈತಿ. ನೀವು ಬರದಿದ್ದು ಯಾವ ಪ್ರಾಣೀನೋ ನನಗ ಗೊತ್ತಿಲ್ರಿ,” ಎಂದ. ಅವನ ಹೆಂಡತಿ ಪಾರಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

ಅವನ ಉಳಿಯನ್ನು ಕಸಿದುಕೊಂಡು ನಾನೇ ಕೊಯ್ದೆ. ತೊಗಲು ಮುಟ್ಟಿದರೆ ಸ್ನಾನ ಮಾಡಬೇಕೆಂಬುದೂ ನೆನಪಾಗಲಿಲ್ಲ. ಕೈಗೆ ಬಂದ ಮರಿ ಅಂಗೈಯಷ್ಟೂ ಇರಲಿಲ್ಲ. ಕೋಲು ಕಟ್ಟಲು ಸ್ಥಳವಿಲ್ಲ, ಇದು ಒಂಟಿಯಾಗಿ ಪರದೆಯ ಮೇಲೆ ನಿಲ್ಲಲಾರದು ಎಂದು ಹುಲುಗಪ್ಪ ಮೆಲ್ಲಗೆ ಹೇಳಿದ.

ಜಯತೀರ್ಥರನ್ನು ಮದುವೆಯಾದೆನೆಂದು ಹೇಳಲು ನೀನು ಬಂದ ದಿನ, ವಿಧವೆಗೆ ಎರಡನೆಯ ಮದುವೆ ಎಲ್ಲಿಯದೆಂದು ನಾನು ಕದವಿಕ್ಕಿಕೊಂಡೆ. ನೀನು ಹೊರಗೆ ಎಷ್ಟು ಹೊತ್ತು ನಿಂತಿದ್ದೆಯೆಂದು ಬಲ್ಲೆ. ಒಳಗೆ ನಾನೂ ಅಷ್ಟೇ ಹೊತ್ತು ನಿಂತಿದ್ದೆ.

ಮೂರನೆಯ ಪ್ರತಿಯಲ್ಲಿ ಯಾರೂ ಯಾರ ಕಾಲಿಗೂ ಬೀಳುವುದಿಲ್ಲ. ಕರಡಿ ಮರಿಯನ್ನು ಹೊತ್ತು ಹೊಳೆ ದಾಟುತ್ತದೆ, ಅಷ್ಟೇ. ಪಾರಮ್ಮ ಮರಿಯನ್ನು ಮತ್ತೆ ತಾಯಿಯ ಬೆನ್ನಿಗೆ ಹೊಲಿದಿದ್ದಾಳೆ. ಹಿಂದೆ ದೀಪವಿಟ್ಟರೆ ಸೂಜಿಯ ತೂತುಗಳ ಸಾಲು ಬೆಳಗುತ್ತದೆ. ಮಸಿ ಹಚ್ಚಿ ಮುಚ್ಚಲೇ ಎಂದು ಕೇಳಿದಳು, ಬೇಡವೆಂದೆ.

ಆಟ ಬರುವ ಶುಕ್ರವಾರ ಸಂಜೆ. ನನಗೆ ದಣಿವಾಗಿದೆ. ಈ ಕಥೆಯನ್ನು ಇನ್ನು ತಿದ್ದಲಾರೆ.

ನಿನ್ನ ತಾಯಿ,
ತಿರುಮಲಮ್ಮ

ತಾ. ಕ.: ಮೇಲೆ ನಿನ್ನನ್ನು ಸೌಭಾಗ್ಯವತಿ ಎಂದು ಬರೆದುದು ಕೈತಪ್ಪಿನಿಂದಲ್ಲ. ಶಾಲೆಯಲ್ಲಿ ಎಲ್ಲರಿಗೂ ಕಾಣುವ ಮುಂದಿನ ಸಾಲಿನಲ್ಲಿ, ನನ್ನ ಪಕ್ಕಕ್ಕೆ, ಮಗಳಿಗೂ ಅಳಿಯನಿಗೂ ಸ್ಥಳ ಬೇಕೆಂದು ಹೇಳಿ ಬಂದಿದ್ದೇನೆ.