ಆಸ್ರಿಗೆ ಕೇಳಿಕೊಂಡು ಬಂದವಳು

ಪಾಲಕ ವರ್ಷ ಎಂಬತ್ತೆರಡು, ಆರನೇ ತಿಂಗಳು, ಮೂವತ್ತೇಳನೇ ತಾರೀಖು.

ನಾಗವೇಣಿ ಅಜ್ಜಿ, ತಾರೀಖು ಕೇಳಿ ನಗಬೇಡ. ಇಲ್ಲಿ ತಿಂಗಳಿಗೆ ನಲವತ್ತು ದಿನ. ನಮ್ಮ ಯುಗಾದಿ ಯಾವ ದಿನ ಬೀಳ್ತದೆ ಅಂತ ನಮಗೇ ಗೊತ್ತಿಲ್ಲ, ಪಾಲಕರನ್ನೇ ಕೇಳಬೇಕು. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರಾ ಐವತ್ತೆಂಟು. ನಾನು ಹೊನ್ನಿ, ನಿನ್ನ ಮೊಮ್ಮಗಳ ಮರಿಮೊಮ್ಮಗಳು. ಇದು ನಿನ್ನ ಕಿವಿಗೆ ಬೀಳುವಾಗ ನಿನಗೆ ಹತ್ತೊಂಬತ್ತು, ಕುಮಟೆಯಲ್ಲಿ ಕಾಲೇಜಿಗೆ ಹೋಗ್ತಾ ಇರ್ತೀಯ. ನನಗೆ ಇಪ್ಪತ್ತೆರಡು. ಅಂದ್ರೆ ನಾನೇ ನಿನಗೆ ಅಕ್ಕ ಆಗಬೇಕು. ಆದ್ರೂ ಅಜ್ಜಿ ಅಂತ ಬಿಟ್ರೆ ಬೇರೆ ಕರೆಯೋಕೆ ಬಾಯಿ ಬರೂದಿಲ್ಲ. ಮಾತು ಒಡ್ಡೊಡ್ಡಾಗಿ ಕೇಳಿದ್ರೆ ಬೇಜಾರು ಮಾಡ್ಕೋಬೇಡ. ಮೂರು ವರ್ಷದಿಂದ ಕನ್ನಡ ಆಡೋಕೆ ಇಲ್ಲಿ ಯಾರೂ ಸಿಕ್ಕಿಲ್ಲ, ಮತ್ತೆ ಗಂಟಲು ಒಣಗಿದೆ. ಯಾಕೆ ಒಣಗಿದೆ ಅಂತ ಹೇಳ್ತೇನೆ.

ನಾನಿರೋದು ತೇಲುಬಿಡಾರದಲ್ಲಿ. ನಡುಸಮುದ್ರದಲ್ಲಿ ಇಡೀ ಊರನ್ನೇ ಹೊತ್ತುಕೊಂಡು ಹೋಗುವ ಹಡಗು ಅಂತ ಅಂದ್ಕೋ. ನಾಲ್ಕು ಸಾವಿರ ಜನ ಇದ್ದೇವೆ, ಹನ್ನೊಂದು ಕರಾವಳಿಯವರು. ಮೂರು ಅಂತಸ್ತಿನ ಮಂಚ, ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಊಟಕ್ಕೆ ಪಾಚಿಯ ಹಿಟ್ಟು. ಅದನ್ನು ಯಾರು ಎಂತ ಮಾಡಿದ್ರೂ ಅದೇ ರುಚಿ. ನಾನು ಮುದ್ದೆ ಕಟ್ತೇನೆ, ಸಲ್ಮಾ ರೊಟ್ಟಿ ತಟ್ತಾಳೆ, ಆಮೇಲೆ ನನ್ನದು ರುಚಿ, ನಿನ್ನದು ರುಚಿ ಅಂತ ಜಗಳ. ಸಲ್ಮಾ ನನ್ನ ಪಕ್ಕದ ಮಂಚದವಳು, ಆಫ್ರಿಕದ ಕಡಲತೀರದವಳು. ಈ ಹಿಂದೋಲೆ ಯಂತ್ರವನ್ನು ಒರೆಸುವ ಕೆಲಸ ಅವಳದ್ದು. ದನಿಯನ್ನು ಹಿಂದಿನ ಕಾಲಕ್ಕೆ ಕಳಿಸುವ ಯಂತ್ರ ಇದು. ಅಲ್ಲಿಂದ ತಿರುಗಿ ಬರುವ ಮಾರ್ದನಿಯಿಂದ ಹಳೇ ಹವಾಮಾನ ತಿಳಿಯೋಕೆ ಪಾಲಕರು ಇಟ್ಟಿದ್ದಾರೆ. ಎಲ್ಲರೂ ಪಾಳಿಗೆ ಹೋದ ಹೊತ್ತು ನೋಡಿ ಅವಳು ನನ್ನನ್ನು ಒಳಗೆ ಬಿಟ್ಟಳು. "ಬೇಗ ಮುಗಿಸೇ ವಾಚಾಳಿ, ಸಿಕ್ಕಿಬಿದ್ರೆ ಇಬ್ಬರನ್ನೂ ಮೀನಿಗೆ ಹಾಕ್ತಾರೆ" ಅಂತ ಬೈದು ಬಾಗಿಲಲ್ಲಿ ನಿಂತಿದ್ದಾಳೆ.

ಈಗ ನಮ್ಮನ್ನು ಆಳುವ ಈ ಪಾಲಕರು ಯಾರು ಅಂತ ನಿನಗಿನ್ನೂ ಗೊತ್ತಿಲ್ಲ. ಆದ್ರೆ ಅವರ ಹಳಬರ ಬಗ್ಗೆ ಶಾಲೆಯಲ್ಲಿ ಓದಿದ್ದೀಯ. ನಮ್ಮ ಕರಾವಳಿಗೆ ಕಾಳುಮೆಣಸಿಗೆ ಬಂದರಲ್ಲ, ಅವರು. ಮೊದಲು ಸರಕು ಇಡೋಕೆ ಒಂದು ಕೋಠಿಯಷ್ಟು ಜಾಗ ಕೊಡಿ ಅಂದ್ರು. ಆಮೇಲೆ ಕೋಠಿ ಕಾಯೋಕೆ ಸಿಪಾಯಿ ಬಂದ, ಸಿಪಾಯಿಯ ಹಿಂದೆ ಕೋಟೆ ಬಂತು, ಕೋಟೆಯ ಹಿಂದೆ ಕಾನೂನು. ಕಡೆಗೆ ನಮ್ಮ ಸಮುದ್ರದ ಉಪ್ಪನ್ನು ನಾವೇ ಮಾಡಿದ್ರೆ ಜೈಲು. ಆ ಕಾಲ ಮುಗೀತು, ಪರೀಕ್ಷೆಗೆ ಐದು ಮಾರ್ಕಿನ ಪ್ರಶ್ನೆ ಅಷ್ಟೇ ಅಂತ ನೀವೆಲ್ಲ ಅಂದ್ಕೊಂಡಿದ್ದೀರಿ. ಮುಗಿಯಲಿಲ್ಲ ಅಜ್ಜಿ. ಬರುವ ದಾರಿ ಬದಲಾಯ್ತು. ಈಗ ಅವರು ಬಂದೂಕು ಹಿಡಿದು ಬರೂದಿಲ್ಲ, ಬಾಯಾರಿ ಬರ್ತಾರೆ.

ನೀನು ಮುದುಕಿ ಆದ ಮೇಲೆ, ಅರವತ್ತೊಂಬತ್ತನೇ ವಯಸ್ಸಿಗೆ, ಅಘನಾಶಿನಿಯ ಅಳಿವೆಗೆ ಅವರ ಹಡಗು ಬರ್ತದೆ. ಅವರಿಗೆ ಬೇಕಾದ್ದು ನಮ್ಮ ಕೆಸರು. ನೀವು ಮೊಣಕಾಲಿನ ತನಕ ಇಳಿದು ಬಳಚು ಚಿಪ್ಪು ಹೆಕ್ಕುವ ಆ ಕಪ್ಪು ಕೆಸರೇ. ಅದನ್ನು ಬೇಯಿಸಿ ತಂಪುಮಣ್ಣು ಮಾಡ್ತಾರೆ. ಗೋಡೆಗೆ ಬಳಿದ್ರೆ ಎಂಥ ಬಿಸಿಲಲ್ಲೂ ಮನೆ ತಣ್ಣಗಿರ್ತದೆ. ಅವರ ಊರುಗಳೆಲ್ಲ ಅದರಿಂದಲೇ ತಂಪು. ನಮ್ಮ ಅಳಿವೆ ಬರೀ ಹೊಂಡ ಆಯ್ತು, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ ಹೋಯ್ತು, ಬಳಚು ಹೋಯ್ತು, ಉಪ್ಪುನೀರು ತಡೆಯೋಕೆ ಏನೂ ಇಲ್ಲದೆ ಬಾವಿಗೇ ನುಗ್ಗಿತು. ಈಗ ಕುಡಿಯೋ ನೀರನ್ನೂ ಅವರೇ ಕೊಡಬೇಕು. ನೀರಪಟ್ಟಿ ಅಂತ ಇದೆ. ಅದರಲ್ಲಿ ಹೆಸರಿದ್ದವನಿಗೆ ದಿನಕ್ಕೆ ಎರಡು ಚೊಂಬು. ಅಮ್ಮನ ಹೆಸರು, ತಮ್ಮ ಗಣಪುವಿನ ಹೆಸರು ಅದರಲ್ಲಿ ಉಳೀಬೇಕು ಅಂದ್ರೆ ಮನೆಯಿಂದ ಒಬ್ಬರು ತೇಲುಬಿಡಾರಕ್ಕೆ ದುಡಿಯೋಕೆ ಬರಬೇಕು. ಅದಕ್ಕೇ ನಾನು ಬಂದೆ.

ಹೇಗೆ ಸಿಕ್ಕಿಬಿದ್ದೆವು ಅಂತ ಕೇಳು. ಆತಿಥ್ಯ ಕಾಯ್ದೆ ಅಂತ ಒಂದು ಮಾಡ್ಕೊಂಡಿದ್ದಾರೆ. ಯಾವ ಊರಲ್ಲಾದ್ರೂ ಒಬ್ಬ ಮನೆಯವಳು ತನ್ನ ಕೈಯಾರೆ ಅವರ ಮನುಷ್ಯರಿಗೆ ಕುಡಿಯೋಕೆ ಕೊಟ್ಟು, ಅವರು ಅದನ್ನು ಕುಡಿದ್ರೆ, ಆ ಊರು ಅವರನ್ನು ಒಪ್ಪಿ ಒಳಗೆ ಕರೀತು ಅಂತ ಅರ್ಥವಂತೆ. ಅಷ್ಟೇ ಸಾಕು, ಸಹಿ ಬೇಡ. ಎಲ್ಲಿ ಯಾವ ಬಾಗಿಲು ತಾನಾಗಿ ತೆರೀತದೆ ಅಂತ ಅವರು ಚೆನ್ನಾಗಿ ಓದ್ಕೊಂಡಿದ್ದಾರೆ. ಸಲ್ಮಾಳ ಊರಲ್ಲಿ ಕಾಫಿ ಕೊಟ್ಟರು, ಕೆಳಗಿನ ಮಂಚದವನ ಊರಲ್ಲಿ ಎಳನೀರು ಕೊಟ್ಟರು. ನಮ್ಮಲ್ಲಿ ಆಸ್ರಿಗೆ. ಬಿಸಿಲಲ್ಲಿ ಬಂದವರಿಗೆ ಬೆಲ್ಲದ ಚೂರು, ತಂಬಿಗೆ ನೀರು ಕೊಡದೆ ಮಾತಾಡಿಸಿದ್ರೆ ನಮಗೆ ಸಮಾಧಾನ ಇದೆಯಾ? ಹಗೆ ಬಂದ್ರೂ ಮೊದಲು ಆಸ್ರಿಗೆ, ಆಮೇಲೆ ಜಗಳ. ಅದನ್ನೇ ಹಿಡಿದ್ರು.

ಅವತ್ತು ನಿನ್ನ ಬಾಗಿಲಿಗೆ ಬಂದದ್ದು ಸಾಹೇಬನಲ್ಲ. ನಮ್ಮಂಥದ್ದೇ ಒಂದು ಕಪ್ಪು ಹುಡುಗಿ, ಬರಿಗಾಲು, ಒಡೆದ ತುಟಿ. "ಬಾರೇ ತಂಗಿ, ಬಿಸಿಲಲ್ಲಿ ಎಂತಕ್ಕೆ ನಿಂತ್ಕಂಡಿದ್ಯೆ, ಆಸ್ರಿಗೆ ಕೊಡ್ತೆ" ಅಂತ ನೀನೇ ಕರೆದಿ. ಪಕ್ಕದ ಮನೆ ಬೊಮ್ಮಯ್ಯ ಬೇಲಿಯಾಚೆಯಿಂದ, "ವೇಣಕ್ಕ, ನಿನ್ನ ಬೆಲ್ಲಕ್ಕೆ ಇಷ್ಟು ದಿನ ಇರುವೆ ಬರ್ತಿತ್ತು, ಈಗ ಹಡಗೇ ಬಂತಲ್ಲ ಮಾರಾಯ್ತಿ" ಅಂತ ತಮಾಷೆ ಮಾಡಿದ್ನಂತೆ. ಎಲ್ಲರೂ ನಕ್ಕಿದ್ರಂತೆ. ಮೂರನೇ ದಿನ ಅಳಿವೆಗೆ ಬೇಲಿ ಬಿತ್ತು.

ಅಂಥ ಹುಡುಗಿಯರಿಗೆ ಇಲ್ಲಿ ಮುಖದವಳು ಅಂತ ಹೆಸರು. ಹಡಗಿನ ಮುಂದೆ ಹೋಗುವ ಮುಖ. ಅಜ್ಜಿ, ಈ ಸಲ ಮುಖದವಳು ನಾನು.

ಕಿಟಕಿಯಿಂದ ಒಂದು ದ್ವೀಪ ಕಾಣ್ತಾ ಇದೆ. ಇನ್ನೂರು ಮನೆ ಇರಬಹುದು. ಒಬ್ಬಳು ಮುದುಕಿ ಅಂಗಳದಲ್ಲಿ ಮೀನು ಒಣಹಾಕಿ ಕಾಗೆಗೆ ಕೋಲು ಬೀಸ್ತಾ ಇದ್ದಾಳೆ. ನಾಳೆ ಬೆಳಿಗ್ಗೆ ನನ್ನನ್ನು ಅಲ್ಲಿ ಇಳಿಸ್ತಾರೆ. ನಿನ್ನೆಯಿಂದ ನನಗೆ ನೀರು ಬಂದ್. ಮುಖದವಳು ನಿಜವಾಗಿಯೂ ಬಾಯಾರಿರಬೇಕು, ನಾಟಕ ಮಾಡಿದ್ರೆ ಮುದುಕಿಯರಿಗೆ ಗೊತ್ತಾಗ್ತದಂತೆ. ಮೇಸ್ತ್ರಿ ಬಂದು ನನ್ನ ಮುಂಗೈ ಚರ್ಮ ಚಿವುಟಿ ಮೇಲೆತ್ತಿ ಬಿಟ್ಟ. ಅದು ಕೂಡಲೇ ಕೆಳಗೆ ಇಳೀಲಿಲ್ಲ. "ಚೆನ್ನಾಗಿ ಒಣಗಿದ್ದಿ" ಅಂತ ಬೆನ್ನು ತಟ್ಟಿದ, ಮೀನಿಗೆ ಹೇಳಿದ ಹಾಗೆ. ದೋಣಿ ಹತ್ತುವಾಗ ಕೊರಳಕಿವಿ ಕಟ್ತಾರೆ. ನಾನಾಡುವ ಪ್ರತಿ ಮಾತು ಅದರಿಂದ ಅವರಿಗೆ ಕೇಳ್ತದೆ. "ಕೊಡಬೇಡಿ" ಅಂತ ಒಂದು ಮಾತು ಅಂದ್ರೆ ನೀರಪಟ್ಟಿಯಿಂದ ಅಮ್ಮ, ಗಣಪು ಇಬ್ಬರೂ ಔಟ್. ಕೊಟ್ಟದ್ದನ್ನು ಕುಡೀದಿದ್ರೂ ಅಷ್ಟೇ. ಕುಡಿದ್ರೆ ಆ ಮುದುಕಿಯ ದ್ವೀಪ ಹೋಯ್ತು, ಎಂಬತ್ತು ವರ್ಷ ಬಿಟ್ಟು ಅವಳ ಮರಿಮಕ್ಕಳು ಈ ಮಂಚದ ಮೇಲೆ.

ಕುಡಿಯೂದಿಲ್ಲ ಅಂತ ಬೆಳಿಗ್ಗೆಯಿಂದ ನೂರು ಸಲ ಹೇಳ್ಕೊಂಡೆ. ಆದ್ರೆ ಸುಳ್ಳು ಹೇಳೂದಿಲ್ಲ ಅಜ್ಜಿ, ನನಗೆ ಭಯ ಇರೋದು ಅವರದ್ದಲ್ಲ, ನನ್ನ ಗಂಟಲಿನದ್ದು. ಈಗಲೇ ನಾಲಗೆ ಅಂಗುಳಕ್ಕೆ ಅಂಟಿಕೊಳ್ತಾ ಇದೆ. ನಾಳೆ ಯಾರೋ ಒಬ್ಬಳು ಮುಖ ನೋಡಿ ಕನಿಕರದಿಂದ ನೀರು ಹಿಡಿದ್ರೆ, ಈ ಕೈ ನನ್ನ ಮಾತು ಕೇಳ್ತದಾ?

ಹೊರಡುವ ಮುಂಚೆ ಅಮ್ಮ ಒಂದು ವಿಷಯ ಹೇಳಿದ್ದಳು. ಅವಳಿಗೆ ಅವಳ ಅಜ್ಜಿ ಹೇಳಿದ್ದು. ಅಂದ್ರೆ ನಿನ್ನ ಮೊಮ್ಮಗಳು, ಅವತ್ತು ಹದಿಮೂರು ವರ್ಷದವಳು, ನಿನ್ನ ಸೆರಗು ಹಿಡಿದು ಅಲ್ಲೇ ನಿಂತಿದ್ದವಳು. ತಂಬಿಗೆ ಕೈಯಲ್ಲಿ ಹಿಡಿದ ಆ ಹುಡುಗಿ ಕೂಡಲೇ ಕುಡೀಲಿಲ್ಲವಂತೆ. ನಿನ್ನ ಮುಖವನ್ನೇ ನೋಡ್ತಾ ಅತ್ತಳಂತೆ, ತುಂಬಾ ಹೊತ್ತು, ಸದ್ದಿಲ್ಲದೆ. ನೀನು, "ಅಯ್ಯೋ ಪಾಪ, ಎಷ್ಟು ಬಾಯಾರಿದ್ದಳೋ" ಅಂತ ಅವಳ ತಲೆ ಸವರಿ, ತಂಬಿಗೆಯನ್ನು ನೀನೇ ಅವಳ ಬಾಯಿಗೆ ಹಿಡಿದಿ.

ಅವಳು ಯಾಕೆ ಅತ್ತಳು ಅಂತ ನನಗೆ ಇವತ್ತು ಗೊತ್ತಾಯ್ತು.

ಆಸ್ರಿಗೆ ಕೊಡಬೇಡ ಅಂತ ನಾನು ಹೇಳೂದಿಲ್ಲ. ಬಾಯಾರಿದವಳನ್ನು ಅಟ್ಟಿದ್ರೆ ನಾವೂ ಅವರಂತೆ ಆಗ್ತೇವೆ. ನನ್ನದು ಒಂದೇ ಬೇಡಿಕೆ. ಐವತ್ತು ವರ್ಷ ಇದನ್ನು ಮನಸ್ಸಲ್ಲಿ ಇಟ್ಕೋ, ನಿನ್ನ ಮಕ್ಕಳಿಗೂ ಹೇಳು. ಬಾಗಿಲಲ್ಲಿ ನಿಂತವಳು ಅತ್ತರೆ, ತಂಬಿಗೆ ಕೆಳಗಿಡು. ಅವಳ ಕೊರಳು ನೋಡು. ಆಮೇಲೆ ಹಡಗಿನ ಕಡೆ ನೋಡು.

ಸಲ್ಮಾ ಕೈ ಮಾಡ್ತಾ ಇದ್ದಾಳೆ, ಯಾರೋ ಬರ್ತಾ ಇದ್ದಾರೆ. ನಾಳೆ ಆ ಮುದುಕಿಯ ಮುಂದೆ ನಾನೂ ಅಳಬೇಕು ಅಂತ ಇದ್ದೇನೆ, ಅವಳಾದ್ರೂ ಅರ್ಥ ಮಾಡ್ಕೊಳ್ಳಲಿ ಅಂತ. ಆದ್ರೆ ಈಗ ಒಮ್ಮೆ ಅತ್ತು ನೋಡಿದೆ ಅಜ್ಜಿ. ಕಣ್ಣಿಗೆ ನೀರೇ ಬರ್ತಾ ಇಲ್ಲ.